ದೀಪಶ್ರೀ ಕಟ್ಟಿದ ಗಂಟು

ಶಶಿಕುಮಾರ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ವ್ಯಾಪಾರ ಮಾಡುತ್ತಾನೆ ಎಂಬ ಸುದ್ದಿ ಹಾಸನದ ಹತ್ತಿರದ ದುದ್ದದಲ್ಲಿ ಹಬ್ಬುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ರಾಗಿ ಗಿರಣಿಗೆ ಅಂಟಿಕೊಂಡಂತೆ ಅವನ ಬೂಸಾ, ಹಿಂಡಿಯ ಅಂಗಡಿ. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುವ ಹೆಂಗಸರು ಮೊದಲು ನೋಡಿದರು. ತಕ್ಕಡಿಯ ಮುಂದೆ ನಿಂತವನ ಹೆಗಲ ಮೇಲಿಂದ ಒಂದು ಪುಟ್ಟ ತಲೆ ಇಣುಕುತ್ತಿತ್ತು. ಅವನು ಬಗ್ಗಿದರೆ ಅದೂ ಬಗ್ಗುತ್ತಿತ್ತು, ಅವನು ಎದ್ದರೆ ಅದೂ ಏಳುತ್ತಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು, ಆಮೇಲೆ ಮಗುವಿನ ಕಾಲು ಮುಟ್ಟಿ ಮಾತಾಡಿಸಿ ಹೋದರು.

ಗಂಡಸರು ಹಾಗೆ ಬಿಡಲಿಲ್ಲ. ಅವನ ದೊಡ್ಡಪ್ಪನ ಮಗ ಮಂಜುನಾಥ ಅಂಗಡಿ ಮುಂದೆ ಬೈಕು ನಿಲ್ಲಿಸಿ, "ಲೇ ಶಶಿ, ಬೆನ್ನ ಮ್ಯಾಲೆ ಐತಲ್ಲಾ ಆ ಮೂಟೆ, ಅದ್ರ ರೇಟ್ ಎಷ್ಟ್ಲಾ?" ಎಂದು ಕೂಗಿ ಹೋಗುತ್ತಿದ್ದ. ಶಶಿಕುಮಾರನೂ ನಗುತ್ತಿದ್ದ. ನಗು ಮುಗಿದ ಮೇಲೆ ಕಿವಿ ಬಿಸಿಯಾಗಿರುವುದು ಅವನಿಗೆ ಗೊತ್ತಾಗುತ್ತಿತ್ತು.

ಬೆನ್ನಿಗೆ ಕಟ್ಟುವ ಬಟ್ಟೆ ಬಂದದ್ದು ಮಿಜೋರಾಮಿನಿಂದ. ಅವನ ಹೆಂಡತಿ ದೀಪಶ್ರೀ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಅವಳ ವಾರ್ಡಿನಲ್ಲೇ ಕೆಲಸ ಮಾಡುವ ಎಸ್ತರ್ ಎಂಬ ಹುಡುಗಿ ಹಾಸನಕ್ಕೆ ನರ್ಸಿಂಗ್ ಓದಲು ಬಂದು ಇಲ್ಲೇ ಕೆಲಸಕ್ಕೆ ನಿಂತವಳು. ದೀಪಶ್ರೀಗೆ ಹೆಣ್ಣು ಮಗುವಾದಾಗ ಎಸ್ತರಳ ತಾಯಿ ತಾನೇ ನೇಯ್ದ ಬಟ್ಟೆಯೊಂದನ್ನು ಊರಿನಿಂದ ಕಳಿಸಿದ್ದರು. ಕಪ್ಪು ಬಟ್ಟೆ, ಅದರ ಮೇಲೆ ಕೆಂಪು ಬಿಳಿ ಪಟ್ಟಿ. ಮಗುವನ್ನು ಬೆನ್ನಿಗೆ ಒರಗಿಸಿ, ಬಟ್ಟೆ ಹೊದಿಸಿ, ಒಂದು ತುದಿಯನ್ನು ಹೆಗಲ ಮೇಲಿಂದಲೂ ಇನ್ನೊಂದನ್ನು ಕಂಕುಳ ಕೆಳಗಿನಿಂದಲೂ ತಂದು ಎದೆಯ ಮೇಲೆ ಗಂಟು ಹಾಕಬೇಕು. ತಮ್ಮ ಕಡೆ ಅಪ್ಪಂದಿರೂ ಅಣ್ಣಂದಿರೂ ಹೀಗೇ ಮಗು ಹೊತ್ತು ಸಂತೆಗೆ ಹೋಗುತ್ತಾರೆ ಎಂದು ಎಸ್ತರ್ ಹೇಳಿದ್ದಳು.

ದೀಪಶ್ರೀಯ ರಜೆ ಮುಗಿದಾಗ ಆ ಬಟ್ಟೆ ದೇವರು ಕೊಟ್ಟಂತೆ ಒದಗಿತು. ಶಶಿಕುಮಾರನ ತಾಯಿ ರೇವಮ್ಮನಿಗೆ ಮಂಡಿನೋವು, ಮಗುವನ್ನು ಎತ್ತಿಕೊಂಡು ಹತ್ತು ಹೆಜ್ಜೆ ನಡೆಯಲಾರಳು. ಆದರೂ ಆಕೆಗೆ ಇದು ಹಿಡಿಸಲಿಲ್ಲ.

"ಕೂಲಿಗೋಗೋರು ಕಟ್ಕತಾರೆ ಕಣ್ಲಾ ಅಂಗೆ. ಇಷ್ಟು ಜಮೀನಿರೋ ಮನೇಲಿ ಗಂಡ್ಸು ಮಗೀನ ಬೆನ್ನಿಗ್ ಕಟ್ಕಂಡು ಬೀದೀಲಿ ನಿಂತ್ಕಂಡ್ರೆ ನೋಡ್ದೋರು ಏನಂದಾರು?"

ನಿಜ ಹೇಳಬೇಕೆಂದರೆ ಅವನಿಗೆ ಅದು ಹಿಡಿಸಿಬಿಟ್ಟಿತ್ತು. ಮಗಳು ನಿಸರ್ಗಳ ಉಸಿರು ಅವನ ಕತ್ತಿನ ಹಿಂದೆ ಬೆಚ್ಚಗೆ ತಾಗುತ್ತಿತ್ತು. ಜೊಲ್ಲಿಗೆ ಅಂಗಿಯ ಕಾಲರು ಯಾವಾಗಲೂ ಒದ್ದೆ. ನಿದ್ದೆ ಬಂದಾಗ ಅವಳ ಇಡೀ ಭಾರ ಒಮ್ಮೆಲೇ ಬೆನ್ನಿಗೆ ಒರಗುತ್ತಿತ್ತು, ಆಗ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಅವನು ಸುಮ್ಮನೆ ನಿಲ್ಲುತ್ತಿದ್ದ. ತನ್ನಷ್ಟಕ್ಕೆ ಕಟ್ಟಿಕೊಳ್ಳಲು ಮಾತ್ರ ಅವನಿಗೆ ಬರಲಿಲ್ಲ. ಬೆಳಗಿನ ಪಾಳಿಗೆ ಹಾಸನದ ಬಸ್ಸು ಹಿಡಿಯುವ ಮುಂಚೆ ದೀಪಶ್ರೀಯೇ ಕಟ್ಟಿ ಹೋಗುತ್ತಿದ್ದಳು.

ಒಂದು ದಿನ ರೇವಮ್ಮ ಅಕ್ಕನ ಗಂಡನ ತಿಥಿಗೆಂದು ಅರಕಲಗೂಡಿಗೆ ಹೋಗಿದ್ದಳು. ಮಗು ಬೆಳಿಗ್ಗೆ ಹಟ ಮಾಡಿತು. ದೀಪಶ್ರೀ ಕಟ್ಟುವಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಅವಳು ಗಂಟನ್ನು ಎರಡು ಸಲ ಎಳೆದು ನೋಡಿ, ಮಗುವಿನ ಅಂಗಾಲಿಗೆ ಮುತ್ತಿಟ್ಟು, ಚೀಲ ಎತ್ತಿಕೊಂಡು ಓಡಿದಳು.

ಬಿಸಿಲೇರುವ ಹೊತ್ತಿಗೆ ಅಂಗಡಿ ಮುಂದೆ ಒಂದು ಕಾರೂ ಎರಡು ಬೈಕೂ ನಿಂತವು. ಕಾರಿನಿಂದ ಪರಮಶಿವಯ್ಯನವರು ಇಳಿಯುವುದನ್ನು ಶಶಿಕುಮಾರ ಒಳಗಿನಿಂದ ನೋಡಿದ. ಪಕ್ಕದೂರಿನ ಕೊಬ್ಬರಿ ವ್ಯಾಪಾರಿ, ಅವನ ತಂದೆಯ ಕಾಲದ ಸ್ನೇಹಿತರು, ನಾಲ್ಕೂರಿನಲ್ಲಿ ಮಾತು ನಡೆಯುವ ಹಿರಿಯರು. ಹಿಂದೆ ಮಂಜುನಾಥ, ಅವನ ಹಿಂದೆ ಇನ್ನೂ ಮೂವರು. ಹಾಲಿನ ಸೊಸೈಟಿಯ ಚುನಾವಣೆ ಹತ್ತಿರವಿತ್ತು. ಅವರು ಯಾಕೆ ಬಂದರೆಂದು ಅವನಿಗೆ ತಕ್ಷಣ ತಿಳಿಯಿತು.

ಅವನು ಗೋದಾಮಿನೊಳಕ್ಕೆ ಸರಿದ. ಎದೆಯ ಮೇಲಿನ ಗಂಟಿಗೆ ಕೈ ಹಾಕಿದ. ಅದು ಎಷ್ಟು ಬಿಗಿಯಾಗಿತ್ತೆಂದರೆ ಬಿಚ್ಚುವಷ್ಟರಲ್ಲಿ ಉಗುರಿನ ಸಂದು ನೋಯಿತು. ನಿಸರ್ಗ ಎಚ್ಚರವಾಗಲಿಲ್ಲ. ನೆಲ ಥಂಡಿ, ಇಲಿಗಳ ಕಾಟ ಬೇರೆ. ಸೊಂಟದೆತ್ತರಕ್ಕೆ ಪೇರಿಸಿದ್ದ ಬೂಸಾ ಮೂಟೆಗಳ ಮೇಲೆ ಬಟ್ಟೆ ಹಾಸಿ ಅವಳನ್ನು ಮಲಗಿಸಿದ. ಒಂದು ಕಡೆ ಗೋಡೆ ಇತ್ತು. ಇನ್ನೊಂದು ಕಡೆಗೆ ಅಡ್ಡವಾಗಿ ಏನಾದರೂ ಇಡಬೇಕೆಂದು ಅನ್ನಿಸಿತು. ಅಷ್ಟರಲ್ಲಿ ಹೊರಗಿನಿಂದ "ಶಶೀ" ಎಂಬ ಕರೆ ಬಂತು. ಅಂಗಿ ಸರಿಮಾಡಿಕೊಂಡು ಹೊರಗೆ ಹೋದ.

ಕುರ್ಚಿ ಹಾಕಿದ. ಪರಮಶಿವಯ್ಯನವರು ಬೆಂಚಿನ ಮೇಲೇ ಕೂತು ನೇರವಾಗಿ ವಿಷಯಕ್ಕೆ ಬಂದರು. "ನೋಡಯ್ಯ, ಈ ಸಲ ಡೈರೆಕ್ಟ್ರಾಗಿ ನೀನು ನಿಂತ್ಕಬೇಕು. ನಿಮ್ಮಪ್ಪನ ಎಸ್ರು ಇನ್ನೂ ಜನದ ಬಾಯಲ್ಲೈತೆ."

ಮಂಜುನಾಥ ಕಣ್ಣು ಮಿಟುಕಿಸಿದ. "ನಿಂತ್ಕತಾನೆ ಯಜಮಾನ್ರೆ, ಆದ್ರೆ ಓಟ್ ಕೇಳಕೆ ಬೆನ್ ಮ್ಯಾಲೆ ಮಗ ಕಟ್ಕಂಡು ಬತ್ತಾನೋ ಏನೋ!"

ಎಲ್ಲರೂ ನಕ್ಕರು. ಶಶಿಕುಮಾರ ಅವರಿಗಿಂತ ಜೋರಾಗಿ ನಕ್ಕ. "ಅಯ್ಯೋ, ಅದು ನಮ್ ಮನೆಯೋರ ಉಚ್ಚು ಕಣೋ. ನಾನ್ಯಾಕ್ ಕಟ್ಕಳ್ಳಲಿ? ಯಾವತ್ತೋ ಒಂದಿನ ತಮಾಸೆಗೆ ಕಟ್ಕಂಡಿದ್ದೆ ಅಷ್ಟೆ."

ಆ ಮಾತು ಬಾಯಿಂದ ಬಿದ್ದ ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸಣ್ಣ ಸದ್ದು ಬಂತು. ಎಚ್ಚರವಾದಾಗ ನಿಸರ್ಗ ಮಾಡುವ ಸದ್ದು. ಅಳುವಲ್ಲ, ಯಾರಾದರೂ ಇದ್ದೀರಾ ಎಂದು ಕೇಳಿದಂತೆ. ಪಕ್ಕದ ಗಿರಣಿ ಶುರುವಾಗಿತ್ತು, ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಅವನು ಏಳಬೇಕೆಂದುಕೊಂಡ. ಪರಮಶಿವಯ್ಯನವರು ಅವನ ತಂದೆ ಸೊಸೈಟಿ ಕಟ್ಟಿದ ಕಥೆ ಹೇಳುತ್ತಿದ್ದರು. ಈಗ ಎದ್ದು ಮಗುವನ್ನು ಎತ್ತಿಕೊಂಡು ಬಂದರೆ, ಆ ಬಟ್ಟೆಯೂ ಜೊತೆಗೆ ಬಂದರೆ, ಮಂಜುನಾಥ ಊರೆಲ್ಲ ಹೇಳಿಕೊಂಡು ನಗುತ್ತಾನೆ. ಇನ್ನೊಂದು ನಿಮಿಷ ಎಂದು ಕೂತ. ಸದ್ದು ಅಳುವಾಯಿತು. ಅವನಿಗೆ ಅದೂ ಕೇಳಿಸಿತು. ಉಳಿದವರು ಕಾಫಿಗೆಂದು ಎದುರಿನ ಹೋಟೆಲಿನತ್ತ ಎದ್ದರು, ಪರಮಶಿವಯ್ಯನವರು ಮಾತ್ರ ಉಳಿದರು. ಆಗ ಗಿರಣಿ ನಿಂತಿತು. ಆ ಮೌನದಲ್ಲಿ ಒಳಗಿನಿಂದ ಒಂದು ಪೆಟ್ಟಿನ ಸದ್ದು, ಅದರ ಬೆನ್ನಿಗೇ ಒಂದು ಕಿರುಚಾಟ ಕೇಳಿ ಇಬ್ಬರೂ ಓಡಿದರು.

ಮಗು ಸಿಮೆಂಟು ನೆಲದ ಮೇಲೆ ಬಿದ್ದಿತ್ತು. ಎಡಗಾಲನ್ನು ಅಲ್ಲಾಡಿಸುತ್ತಿರಲಿಲ್ಲ.

ಪರಮಶಿವಯ್ಯನವರೇ ಕಾರು ಓಡಿಸಿದರು. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹಿಡಿದು ಶಶಿಕುಮಾರ ಹಿಂದೆ ಕೂತಿದ್ದ. ಹಾಸನ ಮುಟ್ಟುವವರೆಗೂ "ಏನಿಲ್ಲ ಚಿನ್ನ, ಏನಿಲ್ಲ" ಎಂಬ ಒಂದೇ ಮಾತು ಹೇಳುತ್ತಿದ್ದ. ದೀಪಶ್ರೀ ಕೆಲಸ ಮಾಡುವ ಆಸ್ಪತ್ರೆಗೇ ಹೋದರು. ಹಿರಿಯರು ಬಾಗಿಲಲ್ಲಿ ಇಳಿಸಿ, ತಿಪಟೂರಿಗೆ ಹೋಗಬೇಕಾದ ಕೊಬ್ಬರಿ ಲೋಡು ಕಾಯುತ್ತಿದೆಯೆಂದು, ಧೈರ್ಯ ಹೇಳಿ ಹೊರಟರು.

ದೀಪಶ್ರೀ ಮೇಲಿನ ವಾರ್ಡಿನಿಂದ ಓಡಿ ಬಂದಳು. ಮಗುವಿನ ಕಾಲು ನೋಡಿದಳು, ಅವನ ಕೈಯಿಂದ ಇಳಿಬಿದ್ದಿದ್ದ ಕೆಂಪು ಬಿಳಿ ಪಟ್ಟಿಯ ಬಟ್ಟೆ ನೋಡಿದಳು.

"ಗಂಟು ಬಿಚ್ಕಂತಾ?" ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

ಆ ಕ್ಷಣದಲ್ಲಿ ಅವನೇನೂ ಲೆಕ್ಕ ಹಾಕಿರಲಿಲ್ಲ. ಹೇಳುವ ಬಾಯಿ ಇರಲಿಲ್ಲ, ಅವಳೇ ಒಂದು ದಾರಿ ತೆರೆದಳು, ಅವನು ಅದರೊಳಗೆ ನುಗ್ಗಿದ. ಆದರೆ ಆಮೇಲೆ ಅವಳು ಡಾಕ್ಟರಿಗೆ, "ನಂದೇ ತಪ್ಪು ಸರ್, ಬಸ್ ಬಂದ್ಬಿಡ್ತು ಅಂತ ಅರ್ಜೆಂಟಲ್ಲಿ ಕಟ್ಬಿಟ್ಟೆ" ಎಂದು ಹೇಳುವಾಗ ಅವನು ಅಲ್ಲೇ ನಿಂತಿದ್ದ. ಎಕ್ಸ್‌ರೇ ತೆಗೆದರು. ತೊಡೆಯ ಮೂಳೆ ಮುರಿದಿತ್ತು. ಸೊಂಟದಿಂದ ಪಾದದವರೆಗೆ, ಎರಡೂ ಕಾಲು ಅಗಲಿಸಿ ಪ್ಲಾಸ್ಟರ್ ಹಾಕಿದರು. ಚಿಕ್ಕ ಮಕ್ಕಳಿಗೆ ಮೂಳೆ ಬೇಗ ಕೂಡುತ್ತದೆ ಎಂದರು.

ಮನೆಗೆ ಬಂದ ಮೇಲೆ ಆ ಒಂದು ತಲೆಯಾಟ ಬೆಳೆಯುತ್ತ ಹೋಯಿತು. ಅರಕಲಗೂಡಿನಿಂದ ಬಂದ ರೇವಮ್ಮ ಬಾಗಿಲಲ್ಲೇ ಎದೆ ಬಡಿದುಕೊಂಡಳು. "ಬ್ಯಾಡ ಬ್ಯಾಡ ಅಂತ ಬಡ್ಕಂಡೆ. ಕೇಳುದ್ರಾ? ಯಾವ್ದೋ ಸೀಮೆ ಬಟ್ಟೆ ತಂದು ನನ್ ಮೊಮ್ಮಗಳ ಕಾಲ್ ಮುರುದ್ರಲ್ಲಾ!" ದೀಪಶ್ರೀ ಎದುರಾಡಲಿಲ್ಲ. ಎದುರಾಡುವ ಸ್ವಭಾವದವಳೇ ಅವಳು. ಈಗ ತಲೆ ತಗ್ಗಿಸಿ, "ಹೌದು ಅತ್ತೆ" ಎಂದಳು. ಆ 'ಹೌದು' ಕೇಳಿ ಶಶಿಕುಮಾರ ಹಿತ್ತಲಿಗೆ ಎದ್ದು ಹೋದ. ಮಂಜುನಾಥನಂತೂ, ತಾವು ಕಾಫಿಗೆ ಹೋದ ಮೇಲೆ ಇವನು ಮಗುವನ್ನು ಕಟ್ಟಿಕೊಂಡಿರಬೇಕೆಂದುಕೊಂಡು, ಬೆನ್ನಿನಿಂದ ಮಗು ಬಿದ್ದ ಕಥೆಯನ್ನು ಊರಿಗೆಲ್ಲ ಹಂಚಿದ್ದ.

ಅವಳು ಸಂಬಳವಿಲ್ಲದ ರಜೆ ಹಾಕಿದಳು. ಪ್ಲಾಸ್ಟರಿನ ಮಗುವನ್ನು ತೊಡೆಯ ಮೇಲೆ ಸಮವಾಗಿ ಕೂರಿಸಲೂ ಆಗದು, ಕಂಕುಳಿಗೆ ಏರಿಸಲೂ ಆಗದು. ದಿನವಿಡೀ ಕೈಯಲ್ಲಿ ಹಿಡಿದೇ ಇರುತ್ತಿದ್ದಳು. "ನಾನ್ ಎತ್ಕತೀನಿ ಕೊಡು" ಎಂದು ಅವನು ಕೈ ಚಾಚಿದರೆ, "ಇರ್ಲಿ ಬಿಡಿ, ನನ್ನಿಂದಾನೆ ಆಗಿದ್ದು" ಎನ್ನುತ್ತಿದ್ದಳು.

ಒಂದು ಭಾನುವಾರ ಎಸ್ತರ್ ಮಗುವನ್ನು ನೋಡಲು ಸೇಬು ತೆಗೆದುಕೊಂಡು ದುದ್ದಕ್ಕೆ ಬಂದಳು. ರೇವಮ್ಮ ಅವಳನ್ನು ಜಗುಲಿ ಹತ್ತಲು ಬಿಡಲಿಲ್ಲ. "ನಿಮ್ಮ ಕಡೆ ಮಕ್ಕಳು ಬಿದ್ರೂ ಸತ್ರೂ ನಡೀತದೇನೋ ಕಣವ್ವ, ನಮ್ಮಲ್ಲಿ ನಡಿಯಾಕಿಲ್ಲ. ನಿಮ್ಮ ಅಣ್ಣೂ ಬ್ಯಾಡ, ಬಟ್ಟೇನೂ ಬ್ಯಾಡ." ದೀಪಶ್ರೀ ಒಳಗೆ ಮಗುವಿಗೆ ಮೈ ಒರೆಸುತ್ತಿದ್ದಳು, ಅವಳು ಬರುವಷ್ಟರಲ್ಲಿ ಎಸ್ತರ್ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಿದ್ದಳು. ಶಶಿಕುಮಾರ ನಡುಮನೆಯ ಕಿಟಕಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಬಾಗಿಲಿನ ತನಕ ಬಂದರೂ ಬಾಗಿಲು ದಾಟಲಿಲ್ಲ. ಮಾರನೆಯ ದಿನ ಆ ಬಟ್ಟೆಯನ್ನು ರೇವಮ್ಮ ಕೊಟ್ಟಿಗೆಗೆ ಎಸೆದಳು, ಹಸುವಿನ ಕೆಚ್ಚಲು ಒರೆಸಲು. ಅವನು ಅದನ್ನೂ ನೋಡಿದ.

ಎಲ್ಲಕ್ಕಿಂತ ಹೆಚ್ಚು ಅವನನ್ನು ಕೊಂದದ್ದು ಒಂದು ಮಧ್ಯಾಹ್ನ. ಊಟಕ್ಕೆಂದು ಅಂಗಡಿಯಿಂದ ಬಂದವನಿಗೆ ಕೋಣೆಯಲ್ಲಿ ದೀಪಶ್ರೀ ಕಂಡಳು. ಮಗು ಮಂಚದ ಮೇಲೆ ಮಲಗಿತ್ತು. ಅವಳು ಒಂದು ಹಳೆಯ ಸೀರೆಯಲ್ಲಿ ದಿಂಬನ್ನು ಬೆನ್ನಿಗೆ ಕಟ್ಟಿಕೊಂಡು, ಬಗ್ಗುತ್ತಿದ್ದಳು, ಕುಪ್ಪಳಿಸುತ್ತಿದ್ದಳು, ಹೆಗಲು ಅಲ್ಲಾಡಿಸುತ್ತಿದ್ದಳು. ಗಂಟು ಸಡಿಲವಾಗಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದಳು. ಅವನನ್ನು ಕಂಡು ನಾಚಿಕೊಂಡವಳಂತೆ ನಿಂತಳು.

"ಹೆಂಗ್ ಬಿಚ್ಕಂತು ಅಂತಾನೇ ಗೊತ್ತಾಗ್ತಿಲ್ಲ ಕಣ್ರೀ. ಹೆಂಗ್ ಕಟ್ಟಿದ್ರೂ ಜಾರ್ತಾ ಇಲ್ಲ. ಅವತ್ತು ನನ್ ಕೈಗೇ ಏನೋ ಬಡ್ದಿತ್ತು."

ಆಗ ಹೇಳಬೇಕಿತ್ತು. "ದೀಪಾ" ಎಂದ. ಅವಳು ತಿರುಗಿ ನೋಡಿದಳು. ಆ ಕಣ್ಣುಗಳ ಕೆಳಗಿನ ಕಪ್ಪು ನೋಡಿ ಅವನಿಗೆ ಭಯವಾಯಿತು. ಇಷ್ಟು ದಿನ ಇವಳನ್ನು ಹೀಗೆ ಬಿಟ್ಟಿದ್ದೆ ಎಂದು ಹೇಗೆ ಹೇಳುವುದು? ಬಿದ್ದದ್ದಕ್ಕಿಂತ ಈಗ ಇದೇ ದೊಡ್ಡ ತಪ್ಪಾಗಿತ್ತು. "ಊಟ ಆಯ್ತಾ?" ಎಂದು ಕೇಳಿ ಕೈ ತೊಳೆಯಲು ಹೋದ.

ಪ್ಲಾಸ್ಟರ್ ಬಿಚ್ಚಿದ ವಾರದಲ್ಲಿ ಪರಮಶಿವಯ್ಯನವರು ಮಗುವನ್ನು ನೋಡಲು ಬಂದರು. ಕೈಯಲ್ಲಿ ಎಳನೀರು, ಬಿಸ್ಕತ್ತು. ರೇವಮ್ಮ ಕುರ್ಚಿ ಹಾಕಿದಳು, ದೀಪಶ್ರೀ ಕಾಫಿ ತಂದಳು. ಅವರು ಮಗುವಿನ ಸಣಕಲಾದ ಕಾಲನ್ನು ಮೆಲ್ಲಗೆ ಸವರಿ ನಿಟ್ಟುಸಿರುಬಿಟ್ಟರು.

"ನಂದೂ ತಪ್ಪೈತೆ ಕಣವ್ವ. ನಾನು ನಿಮ್ ಮಾವನ ಕಥೆ ತೆಕ್ಕಂಡು ಕೂತ್ಬುಟ್ಟೆ. ಮಗ ಒಳಗೆ ಮೂಟೆ ಮ್ಯಾಲೆ ಮಲ್ಗೈತೆ ಅಂತ ಒಂದ್ ಮಾತು ಇವ್ನು ಅಂದಿದ್ರೆ ನಾನೇ ಎದ್ದೋಗಿ ನೋಡ್ಕಂಡಿರ್ತಿದ್ದೆ. ಆ ನೆಲಕ್ಕೆ ಬಿದ್ದಿದ್ ಸದ್ದು ಇನ್ನೂ ಕಿವೀಲೈತೆ."

ರೇವಮ್ಮ ಮಗನ ಮುಖ ನೋಡಿದಳು. ದೀಪಶ್ರೀ ಕಾಫಿಯ ತಟ್ಟೆಯನ್ನು ಹಿಡಿದುಕೊಂಡೇ ನಿಂತಿದ್ದಳು. ಹಿರಿಯರಿಗೆ ಏನೂ ತಿಳಿಯದು. ಇನ್ನಷ್ಟು ಹೊತ್ತು ಕೂತು, ಸೊಸೈಟಿಗೆ ಮಂಜುನಾಥನನ್ನೇ ನಿಲ್ಲಿಸಿದ್ದೇವೆಂದು ಹೇಳಿ, ಮಗುವಿನ ತಲೆ ಮುಟ್ಟಿ ಹೊರಟರು. ದೀಪಶ್ರೀ ಗೇಟಿನವರೆಗೆ ಹೋಗಿ ಅವರನ್ನು ಕಳಿಸಿ ಬಂದಳು.

"ಮೂಟೆ ಮೇಲಾ?" ಎಂದಳು.

ಶಶಿಕುಮಾರ ನೆಲ ನೋಡುತ್ತ ಹೇಳಿದ. ಗಂಟು ಬಿಚ್ಚಿದ್ದು ತಾನೇ ಎಂದ. ಅವರು ನಗುತ್ತಾರೆಂದು ಬಿಚ್ಚಿದೆ ಎಂದ. ನಾನೇ ಹೇಳಬೇಕೆಂದಿದ್ದೆ ಎಂದೂ ಸೇರಿಸಿದ, ಆ ಮಾತು ತನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ರೇವಮ್ಮ ನಡುವೆ ಬಂದಳು. "ಓಗ್ಲಿ ಬಿಡವ್ವ, ಮಗ ಉಸಾರಾಯ್ತಲ್ಲ. ಗಂಡಸ್ರಿಗೆ ನಾಕ್ ಜನದ ಮುಂದೆ..."

"ಅತ್ತೆ, ಸುಮ್ನಿರಿ," ಎಂದಳು ದೀಪಶ್ರೀ. ದನಿ ಏರಿಸಲಿಲ್ಲ. ಒಳಗೆ ಹೋಗಿ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಳು. "ಎಸ್ತರ್ ಹತ್ರ ಹೋಗ್ತಿದೀನಿ. ನೀವೂ ಬನ್ನಿ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಿಸರ್ಗ ಮಾತ್ರ ಅಮ್ಮನ ತೋಳಿನಿಂದ ಬಾಗಿ ಅವನ ಜೇಬಿನ ಪೆನ್ನಿಗೆ ಕೈ ಹಾಕುತ್ತಿದ್ದಳು.

ನರ್ಸುಗಳ ಹಾಸ್ಟೆಲಿನ ಮೆಟ್ಟಿಲ ಮೇಲೆ ಎಸ್ತರ್ ಒದ್ದೆ ಕೂದಲು ಒಣಗಿಸುತ್ತ ಕೂತಿದ್ದಳು. ಮಗುವನ್ನು ಕಂಡವಳೇ ಎದ್ದು ನಿಂತಳು, ಆದರೆ ಕೈ ಚಾಚಲಿಲ್ಲ. ದೀಪಶ್ರೀಯೇ ಮಗುವನ್ನು ಅವಳ ಕೈಗಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು.

ಅವನು ಎಲ್ಲವನ್ನೂ ಹೇಳಿದ. ಅಮ್ಮ ಬೈದಾಗ ಕಿಟಕಿಯ ಹಿಂದೆ ನಿಂತಿದ್ದೆ ಎಂಬುದನ್ನೂ ಹೇಳಿದ. "ತಪ್ಪಾಯ್ತಮ್ಮ" ಎಂದು ಕೈ ಮುಗಿದ.

ಎಸ್ತರ್ ಮಗುವಿನ ಕಾಲನ್ನು ಮಡಿಚಿ, ನೀಡಿ ನೋಡುತ್ತಿದ್ದಳು. ಹಾಸನದಲ್ಲಿ ಕಲಿತ ಅವಳ ಕನ್ನಡ ನಿಧಾನವಾಗಿ ಬಂತು. "ಬಟ್ಟೆ ಇದೆಯಾ ಅಣ್ಣ? ನಮ್ಮಮ್ಮ ಫೋನಲ್ಲಿ ಕೇಳ್ತಾರೆ, ಮಗು ಇನ್ನೂ ಅದರಲ್ಲಿ ಹಿಡಿಸ್ತದಾ ಅಂತ."

"ಇಲ್ಲಮ್ಮ. ಹಾಳಾಯ್ತು," ಎಂದ. ಯಾವುದಕ್ಕೆ ಬಳಸಿ ಹಾಳಾಯಿತೆಂದು ಹೇಳಲು ಆಗಲಿಲ್ಲ.

ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಬೀಳೋಕೆ ಮುಂಚೆ ಮಗು ಅತ್ತಿರ್ತದೆ. ಕೇಳಿಸ್ಲಿಲ್ವಾ?"

ಗಿರಣಿ ಓಡುತ್ತಿತ್ತು. ಅದು ನಿಜವೇ. ದೀಪಶ್ರೀಗೂ ಆ ಗಿರಣಿಯ ಸದ್ದು ಚೆನ್ನಾಗಿ ಗೊತ್ತು, ಪರಮಶಿವಯ್ಯನವರಿಗೂ ಏನೂ ಕೇಳಿಸಿರಲಿಲ್ಲ. ಇಲ್ಲ ಎಂದಿದ್ದರೆ ಲೋಕದಲ್ಲಿ ಯಾರೂ ಅವನನ್ನು ಹಿಡಿಯುತ್ತಿರಲಿಲ್ಲ. ದೀಪಶ್ರೀ ಅವನನ್ನೇ ನೋಡುತ್ತಿದ್ದಳು, ಇಲ್ಲ ಎಂದು ಹೇಳಲಿ ಎಂದು ಕಾಯುತ್ತಿದ್ದಂತೆ.

"ಕೇಳುಸ್ತು," ಎಂದ ಅವನು. "ಮೊದ್ಲು ಸಣ್ಣಗೆ. ಆಮೇಲೆ ಅತ್ತಿದ್ದೂ ಕೇಳುಸ್ತು. ಎದ್ದೋಗ್ಲಿಲ್ಲ."

ಎಸ್ತರ್ ಮಗುವನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕಡೆ ತಿರುಗಿದಳು. ದೀಪಶ್ರೀ ಮೆಟ್ಟಿಲ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು, ಅಷ್ಟು ದಿನಗಳಲ್ಲಿ ಮೊದಲ ಸಲ ಬಿಕ್ಕಿಬಿಕ್ಕಿ ಅತ್ತಳು. ಅವನು ಹತ್ತಿರ ಹೋಗಲು ಧೈರ್ಯವಿಲ್ಲದೆ ಗೇಟಿನ ಹತ್ತಿರ ನಿಂತ.

ಆ ದಿನ ಅವಳು ದುದ್ದಕ್ಕೆ ವಾಪಸಾಗಲಿಲ್ಲ. ಹಾಸನದ ಬಸ್ ನಿಲ್ದಾಣದಲ್ಲೇ, "ಅಮ್ಮನ ಮನೇಲಿ ಇರ್ತೀನಿ. ಎಷ್ಟ್ ದಿನ ಅಂತ ಕೇಳ್ಬೇಡಿ" ಎಂದು ಹೇಳಿ ಹರದನಹಳ್ಳಿಗೆಂದು ಹೊಳೆನರಸೀಪುರದ ಬಸ್ಸು ಹತ್ತಿದಳು. ಮುಂದಿನ ವಾರದಿಂದ ಅಲ್ಲಿಂದಲೇ ಡ್ಯೂಟಿಗೆ ಹೋಗತೊಡಗಿದಳು, ಮಗುವನ್ನು ಅವಳ ತಾಯಿ ನೋಡಿಕೊಂಡರು.

ಶಶಿಕುಮಾರ ಅಳು ಕೇಳಿಸಿದ್ದನ್ನು ಅಮ್ಮನಿಗೂ ಹೇಳಿದ. ಮಂಜುನಾಥನನ್ನು ಅಂಗಡಿಗೆ ಕರೆದು, ಊರಿಗೆ ಹಂಚಿದ ಕಥೆ ಸುಳ್ಳೆಂದೂ ನಿಜ ಏನೆಂದೂ ಹೇಳಿದ. ಮಂಜುನಾಥ ಒಂದು ಮೂಟೆ ಹಿಂಡಿ ತೆಗೆದುಕೊಂಡು ಹೋದ. ಎಸ್ತರಳ ಕ್ಷಮೆ ಕೇಳಲು ಹಾಸ್ಟೆಲಿಗೆ ಬಾ ಎಂದರೆ ರೇವಮ್ಮ ಒಪ್ಪಲಿಲ್ಲ. "ಆ ಉಡ್ಗಿಗೆ ಅಂಗನ್ಬಾರ್ದಿತ್ತು ಅಂತ ನೀನೇ ಏಳ್ಬುಡು" ಎಂದಷ್ಟೇ ಅಂದಳು. ಅವನಿಗೂ ಬಲವಂತ ಮಾಡುವ ಮುಖ ಇರಲಿಲ್ಲ.

ಪ್ರತಿ ಭಾನುವಾರ ಅವನು ಹರದನಹಳ್ಳಿಗೆ ಹೋಗುತ್ತಿದ್ದ. ಅತ್ತೆ ಕಾಫಿ ಕೊಡುತ್ತಿದ್ದರು. ದೀಪಶ್ರೀ ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅಷ್ಟೆ. ಅವನು ಜಗುಲಿಯಲ್ಲಿ ಕೂತು ಮಗಳನ್ನು ದೂರದಿಂದ ನೋಡಿ, ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದ. ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ.

ಒಂದು ಭಾನುವಾರ ಅವನು ಹೋದಾಗ ಅಂಗಳದಲ್ಲಿ ರಾಗಿ ಒಣಹಾಕಿದ್ದರು. ನಿಸರ್ಗ ಚಾಪೆಯ ಮೇಲೆ ಆಡುತ್ತಿದ್ದಳು. ಅವನ ದನಿ ಕೇಳಿದವಳೇ ತಿರುಗಿದಳು. ಎರಡು ಕೈ ನೆಲಕ್ಕೂರಿ, ಬಲಗಾಲಿನಿಂದ ನೂಕುತ್ತ, ಎಡಗಾಲನ್ನು ಕೊಂಚ ಎಳೆಯುತ್ತ, ಅಂಬೆಗಾಲಿಟ್ಟು ಅವನ ಕಡೆ ಬರತೊಡಗಿದಳು. ಅವಳು ಅಂಬೆಗಾಲಿಡುವುದನ್ನು ಅವನು ನೋಡಿದ್ದು ಅದೇ ಮೊದಲು. ಹತ್ತಿರ ಬಂದು, ಅವನ ಪ್ಯಾಂಟು ಹಿಡಿದು, ಮುಖ ಮೇಲೆತ್ತಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ತನ್ನನ್ನು ಬೀಳಿಸಿದವನು ಇವನೇ ಎಂಬುದು ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಅವನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅವನ ಕೈ ಮುಂದೆ ಬರಲಿಲ್ಲ.

ಹೊಸಿಲ ಮೇಲೆ ನಿಂತಿದ್ದ ದೀಪಶ್ರೀ ಬಹಳ ಹೊತ್ತು ನೋಡುತ್ತಿದ್ದಳು.

"ಎತ್ಕಳ್ರೀ," ಎಂದಳು ಕೊನೆಗೆ. "ಅವ್ಳನ್ನ ಕಾಯಿಸ್ಬೇಡಿ."

ಅವನು ಬಗ್ಗಿ ಮಗಳನ್ನು ಎತ್ತಿಕೊಂಡ.